ಮೆಟ್ಟಿಲು ಹತ್ತದ ಮಾತು

ವ್ಯವಹಾರ ನಿರ್ವಹಣೆಯ ಪುಸ್ತಕಗಳು ‘ಸಂವಹನ’ ಎಂದು ಕರೆಯುವ ಕೆಲಸಕ್ಕೆ ಕನ್ನಡದ ದಿನಬಳಕೆಯಲ್ಲಿ ಒಂದೇ ಒಂದು ಪದವಿಲ್ಲ. ಹೇಳಿ ಕಳುಹಿಸುವುದು, ವಿಚಾರಿಸುವುದು, ಚೀಟಿ ಬರೆಯುವುದು, ಲೆಕ್ಕ ಒಪ್ಪಿಸುವುದು, ತಗಾದೆ ಮಾಡುವುದು ಇವೆಲ್ಲ ಸೇರಿದಾಗಲೇ ಆ ಪದದ ಅರ್ಥ ತುಂಬುತ್ತದೆ. ಪದದ ಬುಡದಲ್ಲಿರುವ ‘ವಹ್’ ಎಂಬ ಸಂಸ್ಕೃತ ಧಾತುವಿಗೆ ಹೊರುವುದು, ಸಾಗಿಸುವುದು ಎಂದರ್ಥ. ವಾಹನ, ಪ್ರವಾಹ ಎಂಬ ಪದಗಳೂ ಅದರಿಂದಲೇ ಬಂದವು. ಸರಕು ಲಾರಿ ಹತ್ತಿದ ಮಾತ್ರಕ್ಕೆ ವ್ಯಾಪಾರ ಮುಗಿಯಿತೆಂದು ಯಾವ ವ್ಯಾಪಾರಿಯೂ ಹೇಳುವುದಿಲ್ಲ. ಅದು ಗಿರಾಕಿಯ ಅಂಗಡಿಯಲ್ಲಿ ಇಳಿದು, ಎಣಿಕೆಯಾಗಿ, ರಸೀದಿಗೆ ಸಹಿ ಬಿದ್ದ ಮೇಲೆಯೇ ಲೆಕ್ಕಕ್ಕೆ ಬರುತ್ತದೆ. ಮಾತಿನ ವಿಷಯದಲ್ಲಿ ಮಾತ್ರ ಅದೇ ವ್ಯಾಪಾರಿ, ತನ್ನ ಬಾಯಿಂದ ಹೊರಬಿದ್ದ ಕೂಡಲೇ ಸಾಗಣೆ ಮುಗಿಯಿತೆಂದು ನಂಬಿ ನಿಶ್ಚಿಂತನಾಗುತ್ತಾನೆ.

ಸಂವಹನ ಕೌಶಲವೆಂದರೆ ಇಂಗ್ಲಿಷಿನಲ್ಲಿ ತಡವರಿಸದೆ ಮಾತಾಡುವುದು, ಕೌಂಟರಿನಲ್ಲಿ ನಗುಮುಖ ತೋರುವುದು, ಜಾಹೀರಾತಿಗೆ ಒಳ್ಳೆಯ ಸಾಲು ಹೊಸೆಯುವುದು ಎಂಬ ತಿಳಿವಳಿಕೆ ಇಂದು ಎಷ್ಟು ಬೇರೂರಿದೆಯೆಂದರೆ, ಊರೂರಿನಲ್ಲಿ ಅದನ್ನು ಕಲಿಸುವ ತರಬೇತಿ ಕೇಂದ್ರಗಳೇ ಹುಟ್ಟಿಕೊಂಡಿವೆ. ಅವು ವ್ಯರ್ಥವೆಂದಲ್ಲ, ಗಿರಾಕಿಯೊಡನೆ ಒರಟಾಗಿ ಮಾತಾಡುವವನ ಅಂಗಡಿಗೆ ಜನ ಬರುವುದಿಲ್ಲವೆಂಬುದನ್ನು ತಿಳಿಯಲು ಶಾಸ್ತ್ರ ಬೇಕಿಲ್ಲ. ಆದರೆ ಒಂದು ಉದ್ಯಮ ನಿಲ್ಲುವುದೂ ಬೀಳುವುದೂ ಹೆಚ್ಚಾಗಿ ಅದರ ಒಳಗೆ ಓಡಾಡುವ ಮಾತಿನಿಂದ. ಅದರಲ್ಲೂ, ಯಾರಿಗೂ ಕೇಳಲು ಇಷ್ಟವಿಲ್ಲದ ಸುದ್ದಿ ಕೆಳಗಿನವನ ಕೈಯಿಂದ ಮೇಲಿನವನ ಕಿವಿಗೆ ಹೊತ್ತಿಗೆ ಸರಿಯಾಗಿ ತಲುಪುತ್ತದೆಯೇ ಇಲ್ಲವೇ ಎಂಬುದರಿಂದ.

ಉದ್ಯಮವೊಂದು ಇರುವುದಾದರೂ ಏಕೆ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರ ಒಂದು ಲೇಖನದಲ್ಲಿ ಕೊಟ್ಟ ಉತ್ತರಕ್ಕೂ ಈ ವಿಷಯಕ್ಕೂ ನೇರ ನಂಟಿದೆ. ಪ್ರತಿಯೊಂದು ಸಣ್ಣ ಕೆಲಸಕ್ಕೂ ಪೇಟೆಗೆ ಹೋಗಿ, ಬೆಲೆ ವಿಚಾರಿಸಿ, ಚೌಕಾಸಿ ಮಾಡಿ, ಕರಾರು ಬರೆದುಕೊಳ್ಳುವುದಕ್ಕೆ ತಗಲುವ ಖರ್ಚು ಹೆಚ್ಚಾದಾಗ, ಹತ್ತು ಜನರನ್ನು ಸಂಬಳಕ್ಕಿಟ್ಟುಕೊಂಡು ಅಪ್ಪಣೆಯ ಮೂಲಕ ಅದೇ ಕೆಲಸವನ್ನು ಮಾಡಿಸಿಕೊಳ್ಳುವುದು ಅಗ್ಗವಾಗುತ್ತದೆ, ಹಾಗಾಗಿಯೇ ಸಂಸ್ಥೆಗಳು ಹುಟ್ಟುತ್ತವೆ ಎಂಬುದು ಅವರ ವಾದದ ತಿರುಳು. ‘ವಹಿವಾಟು ವೆಚ್ಚ’ ಎಂದು ಮುಂದೆ ಹೆಸರಾದ ಈ ಖರ್ಚಿನ ದೊಡ್ಡ ಪಾಲು, ಸರಿಯಾಗಿ ನೋಡಿದರೆ, ಮಾತಿನ ಖರ್ಚೇ. ಕೋಸ್ ಅವರಿಗೆ 1991ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಪೇಟೆಯಲ್ಲಿ ಬೆಲೆಯೇ ಒಂದು ಸುದ್ದಿ. ಆ ಸುದ್ದಿಯನ್ನು ಬಚ್ಚಿಡುವುದೂ ಒಂದು ಬಗೆಯ ಸಂವಹನವೆಂಬುದಕ್ಕೆ ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಗಳಲ್ಲಿ ಬಹುಕಾಲದಿಂದ ನಡೆದುಬಂದ ಟವೆಲಿನ ವ್ಯಾಪಾರ ಸಾಕ್ಷಿ. ದಲ್ಲಾಳಿಯು ಹೆಗಲ ಮೇಲಿನ ಟವೆಲನ್ನು ತೆಗೆದು ತನ್ನ ಕೈ ಮತ್ತು ಎದುರಿನವನ ಕೈ ಎರಡರ ಮೇಲೂ ಹೊದಿಸುತ್ತಾನೆ. ಒಳಗೆ ಒಬ್ಬ ಇನ್ನೊಬ್ಬನ ಬೆರಳುಗಳನ್ನು ಹಿಡಿದು ಬೆಲೆ ಸೂಚಿಸುತ್ತಾನೆ, ಇನ್ನೊಬ್ಬ ಬೆರಳು ಮಡಚಿ ಇಳಿಸುತ್ತಾನೆ, ಮುಖದ ಮೇಲೆ ಏನೂ ಕಾಣದು. ಸುತ್ತ ಹತ್ತಾರು ಜನ ನಿಂತಿದ್ದರೂ ಆ ಜೋಡಿ ಎತ್ತಿಗೆ ಎಷ್ಟು ಕೇಳಿದರು, ಎಷ್ಟಕ್ಕೆ ಕುದುರಿತು ಎಂಬುದು ತಿಳಿಯುವುದಿಲ್ಲ. ಇಬ್ಬರ ನಡುವೆ ಸಂದೇಹಕ್ಕೆ ಎಡೆಯಿಲ್ಲದಷ್ಟು ನಿಖರವಾದ, ಮೂರನೆಯವನಿಗೆ ಪೂರಾ ಮುಚ್ಚಿದ ಈ ಭಾಷೆಯಲ್ಲಿ ಲಾಭ ಯಾರಿಗೆಂದು ಕೇಳಿದರೆ, ದಿನಕ್ಕೆ ಇಪ್ಪತ್ತು ಟವೆಲಿನ ಕೆಳಗೆ ಕೈ ಹಾಕುವ ದಲ್ಲಾಳಿಗೇ ಹೊರತು, ಎರಡು ಮೂರು ವರ್ಷಕ್ಕೊಮ್ಮೆ ಎತ್ತು ಮಾರುವ ರೈತನಿಗಲ್ಲ.

ಬೆಲೆಯ ಸುದ್ದಿ ಟವೆಲಿನಿಂದ ಹೊರಬಂದಾಗ ಏನಾಗುತ್ತದೆ ಎಂಬುದನ್ನು ಅಂಕಿಗಳಲ್ಲಿ ತೋರಿಸಿದ ಅಧ್ಯಯನ ನಡೆದದ್ದು ಕರ್ನಾಟಕದ ಮಗ್ಗುಲಲ್ಲೇ, ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಜಿಲ್ಲೆಗಳ ಕರಾವಳಿಯಲ್ಲಿ. ಅಲ್ಲಿ ಬೂತಾಯಿ ಹಿಡಿಯುವ ದೋಣಿಗಳು ಹಿಡಿದ ಮೀನನ್ನು ಸಾಮಾನ್ಯವಾಗಿ ತಮ್ಮೂರಿನ ದಡದ ಪೇಟೆಗೇ ತರುತ್ತಿದ್ದವು; ಬೆಳಗಿನ ಪೇಟೆ ಬೇಗ ಮುಗಿಯುವುದರಿಂದ, ಡೀಸೆಲ್ ಸುಟ್ಟು ಇನ್ನೊಂದು ದಡಕ್ಕೆ ಹೋಗಿ ಅಲ್ಲಿಯೂ ಗಿರಾಕಿಯಿಲ್ಲದಿದ್ದರೆ ಎಲ್ಲವೂ ನಷ್ಟ. ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ 1997ರ ಜನವರಿ 14ರ ಒಂದು ಬೆಳಗಿನ ಲೆಕ್ಕವಿದೆ: ವಡಗರದ ದಡದಲ್ಲಿ 11 ಮಂದಿ ಮೀನುಗಾರರು ಕೊಳ್ಳುವವರಿಲ್ಲದೆ ಮೀನನ್ನು ಚೆಲ್ಲಬೇಕಾದ ಸ್ಥಿತಿಯಲ್ಲಿದ್ದರು, 15 ಕಿಲೋಮೀಟರ್ ಒಳಗಿನ ಎರಡು ಪೇಟೆಗಳಲ್ಲಿ ಅದೇ ಹೊತ್ತಿಗೆ 27 ಮಂದಿ ಕೊಳ್ಳುವವರು ಮೀನು ಸಿಗದೆ ಬುಟ್ಟಿ ಖಾಲಿ ಇಟ್ಟುಕೊಂಡು ಹೊರಡುವುದರಲ್ಲಿದ್ದರು. 1997ರಿಂದ ಮುಂದಕ್ಕೆ ಈ ಜಿಲ್ಲೆಗಳಿಗೆ ಒಂದರ ನಂತರ ಒಂದರಂತೆ ಮೊಬೈಲ್ ಸೇವೆ ಬಂದಿತು. ಗೋಪುರಗಳ ಸಂಕೇತ ಕಡಲಿನೊಳಕ್ಕೂ ಇಪ್ಪತ್ತು ಕಿಲೋಮೀಟರಿನಷ್ಟು ದೂರ ಸಿಗುತ್ತಿದ್ದುದರಿಂದ ದೋಣಿಯಿಂದಲೇ ಫೋನು ಮಾಡಿ, ಬೆಲೆ ಇದ್ದ ದಡಕ್ಕೆ ಚುಕ್ಕಾಣಿ ತಿರುಗಿಸುವುದು ಸಾಧ್ಯವಾಯಿತು. ಮೀನು ಚೆಲ್ಲುವುದು ಬಹುಮಟ್ಟಿಗೆ ನಿಂತುಹೋಯಿತು, ಮೀನುಗಾರರ ಲಾಭ ಸರಾಸರಿ ಶೇ. 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ. 4ರಷ್ಟು ಇಳಿಯಿತು. ಕಡಲಿನಲ್ಲಿ ಒಂದು ಮೀನೂ ಹೆಚ್ಚಾಗಲಿಲ್ಲ. ಹೆಚ್ಚಾದದ್ದು ಸುದ್ದಿ ಮಾತ್ರ.

ಪೇಟೆಯಿಂದ ಉದ್ಯಮದ ಒಳಗೆ ಬಂದರೆ ಚಿತ್ರ ಬೇರೆಯಾಗುತ್ತದೆ, ಏಕೆಂದರೆ ಅಲ್ಲಿ ಮಾತಿಗೆ ಮೇಲು ಕೆಳಗು ಎಂಬ ದಿಕ್ಕುಗಳಿವೆ. ಮೇಲಿನಿಂದ ಕೆಳಗೆ ಇಳಿಯುವುದು ಅಪ್ಪಣೆ. ನ್ಯೂಜೆರ್ಸಿಯ ಟೆಲಿಫೋನ್ ಕಂಪನಿಯೊಂದರ ಅಧ್ಯಕ್ಷರಾಗಿದ್ದ ಚೆಸ್ಟರ್ ಬರ್ನಾರ್ಡ್ 1938ರಲ್ಲಿ ಪ್ರಕಟಿಸಿದ ಕಾರ್ಯನಿರ್ವಾಹಕರ ಕರ್ತವ್ಯಗಳನ್ನು ಕುರಿತ ಪುಸ್ತಕದಲ್ಲಿ, ಆ ಕಾಲಕ್ಕೆ ತಲೆಕೆಳಗಾಗಿ ಕಾಣುವಂಥ ಮಾತೊಂದನ್ನು ವಾದಿಸಿದರು: ಅಪ್ಪಣೆಗೆ ಅಧಿಕಾರ ಬರುವುದು ಕೊಡುವವನಿಂದಲ್ಲ, ಪಡೆಯುವವನಿಂದ. ಪಡೆದವನಿಗೆ ಅದು ಅರ್ಥವಾಗಬೇಕು, ಸಂಸ್ಥೆಯ ಉದ್ದೇಶಕ್ಕೆ ವಿರುದ್ಧವೆಂದು ತೋರಬಾರದು, ತನ್ನ ಹಿತಕ್ಕೆ ತೀರ ವಿರುದ್ಧವಾಗಿರಬಾರದು, ಮತ್ತು ಅದನ್ನು ಮಾಡುವ ಶಕ್ತಿ ಅವನಿಗಿರಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಅಪ್ಪಣೆ ಗಾಳಿಗೆ ಹೋದ ಮಾತು.

ಇದನ್ನು ಹತ್ತಿರದಿಂದ ನೋಡಲು ಪೀಣ್ಯದಂಥ ಕೈಗಾರಿಕಾ ವಸಾಹತಿನಲ್ಲಿ ಜಾಬ್ ವರ್ಕ್, ಅಂದರೆ ದೊಡ್ಡ ಕಂಪನಿಗಳು ಕೊಟ್ಟ ನಕ್ಷೆಯಂತೆ ಬಿಡಿಭಾಗ ಕಡೆದುಕೊಡುವ ಕೆಲಸ ಮಾಡುವ ಸಣ್ಣ ಕಾರ್ಖಾನೆಯ ದಿನಚರಿ ಸಾಕು. ಅಲ್ಲಿ ಎಲ್ಲಕ್ಕೂ ಆಧಾರ ಡ್ರಾಯಿಂಗ್; ಅದರ ಕೆಳಮೂಲೆಯ ಚೌಕದಲ್ಲಿ ‘ರಿವಿಷನ್’ ಎಂದು ಎ, ಬಿ, ಸಿ ಎಂಬ ಅಕ್ಷರವಿರುತ್ತದೆ, ಅಳತೆ ಬದಲಾದಂತೆ ಅಕ್ಷರವೂ ಬದಲಾಗುತ್ತದೆ. ಕಂಪನಿಯವರು ಹೊಸ ಡ್ರಾಯಿಂಗನ್ನು ಇ-ಮೇಲಿನಲ್ಲಿ ಕಳುಹಿಸುತ್ತಾರೆ, ಮಾಲೀಕ ಅದನ್ನು ಸೂಪರ್‌ವೈಸರನ ವಾಟ್ಸಾಪ್‌ಗೆ ದಾಟಿಸುತ್ತಾನೆ, ಎರಡು ನೀಲಿ ಗೀಟು ಬಿದ್ದದ್ದನ್ನು ಕಂಡು ಸಮಾಧಾನಪಡುತ್ತಾನೆ. ಇತ್ತ ಯಂತ್ರದ ಪಕ್ಕದ ಹಲಗೆಯಲ್ಲಿ ಎಣ್ಣೆ ಕೈಯ ಗುರುತುಗಳೊಂದಿಗೆ ಅಂಟಿಸಿರುವುದು ಹಳೆಯ ‘ಬಿ’ ಪ್ರತಿ. ರಾತ್ರಿ ಪಾಳಿಯ ಆಪರೇಟರ್ ನೋಡುವುದು ಅದನ್ನೇ. ರಂಧ್ರದ ವ್ಯಾಸದಲ್ಲಿ ಕಾಲು ಮಿಲಿಮೀಟರ್ ವ್ಯತ್ಯಾಸವಾದರೂ ಬೆಳಗಾಗುವಷ್ಟರಲ್ಲಿ ಐನೂರು ನಗ ರಿಜೆಕ್ಷನ್ ರಾಶಿಗೆ ಬೀಳುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಸೋಮಾರಿಯಲ್ಲ, ತಂತ್ರಜ್ಞಾನದ ಕೊರತೆಯೂ ಇಲ್ಲ. ಹಳೆಯ ಕಾಗದವನ್ನು ಹಲಗೆಯಿಂದ ಕಿತ್ತು ಹಾಕುವುದು ಯಾರ ಕೆಲಸವೆಂದು ಯಾರೂ ಹೇಳಿರಲಿಲ್ಲ, ಅಷ್ಟೇ. ಮುದ್ರೆಯಿಲ್ಲದ ಡ್ರಾಯಿಂಗ್ ಯಂತ್ರದ ಬಳಿ ಇರಕೂಡದು, ಹೊಸದನ್ನು ಕೊಡುವಾಗ ಹಳೆಯದನ್ನು ವಾಪಸು ಪಡೆದು ರಿಜಿಸ್ಟರಿನಲ್ಲಿ ಬರೆಯಬೇಕು ಎಂಬ ಗುಣಮಟ್ಟದ ನಿಯಮಗಳು ಹೊರನೋಟಕ್ಕೆ ಬರಿಯ ಕಾಗದದ ಕಾಟವೆಂದು ತೋರಿದರೂ ಹುಟ್ಟಿದ್ದು ಇಂಥ ರಾಶಿಗಳಿಂದಲೇ.

ಅಪ್ಪಣೆ ಇಳಿಯುವಾಗ ಸಿಗುವ ಉತ್ತರವೂ ಗಮನಿಸತಕ್ಕದ್ದು. “ಆಯ್ತು ಸಾರ್” ಎಂಬ ಎರಡು ಪದಗಳಿಗೆ ಕರ್ನಾಟಕದ ಕಾರ್ಖಾನೆ, ಅಂಗಡಿ, ಕಚೇರಿಗಳಲ್ಲಿ ಕಡಿಮೆಯೆಂದರೂ ಮೂರು ಅರ್ಥಗಳಿವೆ: ತಿಳಿಯಿತು ಮಾಡುತ್ತೇನೆ ಎಂಬುದು ಒಂದು, ತಿಳಿಯಲಿಲ್ಲ ಆದರೆ ಕೇಳಲು ಸಂಕೋಚ ಎಂಬುದು ಇನ್ನೊಂದು, ತಿಳಿದಿದೆ ಆದರೆ ಇದು ಆಗದ ಕೆಲಸ ಎಂಬುದು ಮತ್ತೊಂದು. ಮೂರೂ ಒಂದೇ ದನಿಯಲ್ಲಿ ಹೊರಬರುತ್ತವೆ. ವಿಮಾನ ನಿಯಂತ್ರಣದಲ್ಲಿ ಪೈಲಟ್ ತಾನು ಕೇಳಿದ ಸೂಚನೆಯನ್ನು ತನ್ನ ಬಾಯಿಂದಲೇ ಮರಳಿ ಹೇಳಬೇಕೆಂಬ ಕಡ್ಡಾಯ ಪದ್ಧತಿ ಇರುವುದು ಈ ಮೂರನ್ನು ಬೇರ್ಪಡಿಸುವುದಕ್ಕಾಗಿಯೇ. ಹಳೆಯ ಹೋಟೆಲುಗಳ ಮಾಣಿ ಗಿರಾಕಿ ಹೇಳಿದ ತಿಂಡಿಗಳ ಪಟ್ಟಿಯನ್ನು ಅಲ್ಲೇ ನಿಂತು ಒಮ್ಮೆ ಒಪ್ಪಿಸಿ ಒಳಗೆ ಹೋಗುತ್ತಿದ್ದುದೂ ಅದೇ ಉಪಾಯ.

ಭಾಷೆಯ ಪ್ರಶ್ನೆಯನ್ನು ಇಲ್ಲಿಯೇ ಎತ್ತಬೇಕು. 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಮು, ಕಾರ್ಖಾನೆಯಲ್ಲಿ ಹಾಕಬೇಕಾದ ಸೂಚನೆಗಳು ಇಂಗ್ಲಿಷಿನಲ್ಲಿಯೂ ಅಲ್ಲಿನ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು ವಿಧಿಸಿತು. ‘ತಿಳಿಯುವ ಭಾಷೆ’ ಎಂಬ ಮಾತಿನ ಜಾಣ್ಮೆ ಮೆಚ್ಚತಕ್ಕದ್ದು. ಬಹುಪಾಲು ಕಾರ್ಮಿಕರು ಕನ್ನಡಿಗರಾದ ಕಡೆ ಕನ್ನಡ, ಒಡಿಶಾ ಬಿಹಾರಗಳಿಂದ ಬಂದವರು ತುಂಬಿದ ಕಾರ್ಖಾನೆಯಲ್ಲಿ ಅವರ ನುಡಿ. ಆಮ್ಲದ ಡ್ರಮ್ಮಿನ ಮೇಲಿನ ಎಚ್ಚರಿಕೆಯನ್ನು ಅದನ್ನು ಎತ್ತುವವನು ಓದಲಾರನಾದರೆ, ಆ ಅಕ್ಷರಗಳು ಇದ್ದೂ ಇಲ್ಲದ ಹಾಗೆ. ಬ್ಯಾಂಕಿನ ಅರ್ಜಿ, ವಿಮೆಯ ಷರತ್ತು, ಗ್ರಾಹಕ ಸೇವೆಯ ದೂರವಾಣಿ ಇವುಗಳಲ್ಲಿ ಕನ್ನಡ ಬೇಕೆಂಬ ಬೇಡಿಕೆಯನ್ನು ಅಭಿಮಾನದ ಮಾತೆಂದು ತಳ್ಳಿಹಾಕುವ ಸಂಸ್ಥೆಗಳು, ಅದು ತಮ್ಮದೇ ವ್ಯಾಪಾರದ ಲೆಕ್ಕವೆಂಬುದನ್ನು ಇನ್ನೂ ಪೂರ್ತಿ ಅರಿತಂತಿಲ್ಲ.

ಮಾತು ಅಡ್ಡಡ್ಡವಾಗಿಯೂ ಹರಿಯಬೇಕು. 1888ರಲ್ಲಿ ದಿವಾಳಿಯ ಅಂಚಿನಲ್ಲಿದ್ದ ಫ್ರಾನ್ಸಿನ ಗಣಿ ಮತ್ತು ಉಕ್ಕಿನ ಕಂಪನಿಯೊಂದರ ಆಡಳಿತ ವಹಿಸಿಕೊಂಡು ಅದನ್ನು ನಿಲ್ಲಿಸಿದ ಇಂಜಿನಿಯರ್ ಆನ್ರಿ ಫಯೋಲ್, 1916ರಲ್ಲಿ ಪ್ರಕಟಿಸಿದ ಆಡಳಿತದ ಪುಸ್ತಕದಲ್ಲಿ ಇದಕ್ಕೊಂದು ಚಿತ್ರ ಬರೆದರು. ಎರಡು ಏಣಿಗಳು ತುದಿಯಲ್ಲಿ ಕೂಡಿವೆ. ಒಂದು ಏಣಿಯ ಐದನೆಯ ಮೆಟ್ಟಿಲಿನವನು ಇನ್ನೊಂದು ಏಣಿಯ ಅದೇ ಮಟ್ಟದವನಿಗೆ ಸುದ್ದಿ ಮುಟ್ಟಿಸಬೇಕಾದರೆ ತುದಿಯವರೆಗೆ ಹತ್ತಿ ಅತ್ತ ಇಳಿಯಬೇಕು. ಇಬ್ಬರ ಮೇಲಧಿಕಾರಿಗಳೂ ಒಪ್ಪಿ, ನಡೆದದ್ದು ಅವರಿಗೆ ತಿಳಿಯುವುದಾದರೆ, ನಡುವೆ ಒಂದು ಹಲಗೆ ಹಾಸಿ ನೇರ ದಾಟಲಿ ಎಂದು ಫಯೋಲ್ ಸೂಚಿಸಿದರು. ದರ್ಶಿನಿ ಹೋಟೆಲಿನಲ್ಲಿ ಈ ಹಲಗೆ ಇಲ್ಲದಿದ್ದರೆ ಏನಾಗುತ್ತದೆಂಬುದು ಯಾವ ಭಾನುವಾರ ಬೆಳಿಗ್ಗೆಯಾದರೂ ಕಾಣಸಿಗುತ್ತದೆ: ಒಳಗೆ ಉದ್ದಿನವಡೆ ಮುಗಿದು ಕಾಲು ಗಂಟೆಯಾಗಿದ್ದರೂ ಗಲ್ಲಾದಲ್ಲಿ ವಡೆಯ ಟೋಕನ್ ಹರಿಯುತ್ತಲೇ ಇರುತ್ತದೆ, ತಟ್ಟೆ ಹಿಡಿದವನು ಬೈಸಿಕೊಳ್ಳುತ್ತಾನೆ.

ಹೊರಗಿನವರೊಡನೆ ಆಡುವ ಮಾತು ಪರೀಕ್ಷೆಗೆ ಬೀಳುವುದು ಆಪತ್ತಿನಲ್ಲಿ. 1982ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಶಿಕಾಗೋ ಸುತ್ತಮುತ್ತ ಯಾರೋ ಟೈಲೆನಾಲ್ ಎಂಬ ನೋವಿನ ಮಾತ್ರೆಯಲ್ಲಿ ಸಯನೈಡ್ ಬೆರೆಸಿದ್ದರಿಂದ ಏಳು ಜನ ಸತ್ತರು. ತಪ್ಪು ತಯಾರಕರಾದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯದಾಗಿರಲಿಲ್ಲ. ಆದರೂ ಅದು ಮಾತ್ರೆ ನುಂಗಬೇಡಿರೆಂದು ಜನರಿಗೆ ತಾನೇ ಸಾರಿ, ದೇಶದಾದ್ಯಂತ ಸುಮಾರು 3 ಕೋಟಿ 10 ಲಕ್ಷ ಸೀಸೆಗಳನ್ನು ವಾಪಸು ಕರೆಸಿಕೊಂಡಿತು, ಕೆಲವೇ ತಿಂಗಳಲ್ಲಿ ಬಿಗಿ ಮೊಹರಿನ ಹೊಸ ಡಬ್ಬಿಯಲ್ಲಿ ಮತ್ತೆ ಮಾರುಕಟ್ಟೆಗೆ ಬಂದು ಕಳೆದುಕೊಂಡ ಗಿರಾಕಿಗಳನ್ನು ಮರಳಿ ಪಡೆಯಿತು. 2015ರಲ್ಲಿ ಭಾರತದಲ್ಲಿ ಮ್ಯಾಗಿ ನೂಡಲ್ಸ್‌ನಲ್ಲಿ ಸೀಸದ ಅಂಶ ಹೆಚ್ಚಾಗಿದೆಯೆಂಬ ಆರೋಪ ಬಂದಾಗ, ಕಂಪನಿ ಜನರೆದುರು ಬಂದು ಮಾತಾಡಲು ತಡಮಾಡಿತೆಂಬ ಟೀಕೆ ವ್ಯಾಪಕವಾಗಿತ್ತು. ಜೂನ್ 5ರಂದು ಆಹಾರ ಸುರಕ್ಷತಾ ಪ್ರಾಧಿಕಾರ ಮಾರಾಟ ನಿಲ್ಲಿಸಲು ಆದೇಶಿಸಿತು. ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತಾದರೂ ಅಷ್ಟರೊಳಗೆ ಸಾವಿರಾರು ಟನ್ ಸರಕು ನಾಶವಾಗತೊಡಗಿತ್ತು.

ಇನ್ನು ಉಳಿದದ್ದು ಕೆಳಗಿನಿಂದ ಮೇಲಕ್ಕೆ ಏರಬೇಕಾದ ಮಾತು. ಎಲ್ಲಕ್ಕಿಂತ ಕಷ್ಟದ ಹಾದಿ ಅದೇ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಪೇಟೆಗೆ ಒಪ್ಪುವಷ್ಟು ಕಾರ್ಖಾನೆಗೆ ಒಪ್ಪುವುದಿಲ್ಲ. ಅಲ್ಲಿ ಜಗಳವಾಗದಿರಲೆಂದು ನುಂಗಿದ ಮಾತೇ ಮುಂದೆ ನಷ್ಟವಾಗಿ ಹೊರಬರುತ್ತದೆ. ಕೆಟ್ಟ ಸುದ್ದಿ ಒಂದೊಂದು ಮೆಟ್ಟಿಲು ಹತ್ತಿದಂತೆ ಒಂದೊಂದು ಪದ ಕಳೆದುಕೊಳ್ಳುತ್ತದೆ: ಕೆಲಸಗಾರ ‘ಒಡೆಯುತ್ತದೆ’ ಎಂದದ್ದು ಸೂಪರ್‌ವೈಸರನ ಬಾಯಲ್ಲಿ ‘ಸ್ವಲ್ಪ ತೊಂದರೆಯಿದೆ’ ಎಂದಾಗಿ, ವ್ಯವಸ್ಥಾಪಕರ ವರದಿಯಲ್ಲಿ ‘ಪರಿಶೀಲನೆಯಲ್ಲಿದೆ’ ಎಂದಾಗಿ, ಮಾಲೀಕರ ಮೇಜಿಗೆ ಬರುವಷ್ಟರಲ್ಲಿ ಮಾಯವಾಗಿರುತ್ತದೆ.

ಇದರ ಅತಿ ದಾರುಣ ದಾಖಲೆ ಅಮೆರಿಕದ ‘ಚಾಲೆಂಜರ್’ ಬಾಹ್ಯಾಕಾಶ ನೌಕೆಯದು. ನೌಕೆಯ ಘನ ಇಂಧನದ ರಾಕೆಟ್ಟುಗಳನ್ನು ತಯಾರಿಸಿಕೊಡುತ್ತಿದ್ದ ಮಾರ್ಟನ್ ಥಿಯೊಕೋಲ್ ಎಂಬ ಖಾಸಗಿ ಕಂಪನಿಯ ಇಂಜಿನಿಯರ್ ರೋಜರ್ ಬೋಯ್ಸ್‌ಜೊಲಿ, ರಾಕೆಟ್ಟಿನ ಕೀಲುಗಳನ್ನು ಮುಚ್ಚುವ ರಬ್ಬರ್ ಬಳೆಗಳು ವಿಫಲವಾದರೆ ಘೋರ ಅನಾಹುತವಾದೀತೆಂದು 1985ರ ಜುಲೈಯಲ್ಲಿಯೇ ತಮ್ಮ ಮೇಲಧಿಕಾರಿಗೆ ಲಿಖಿತ ಟಿಪ್ಪಣಿ ಕೊಟ್ಟಿದ್ದರು. ಉಡಾವಣೆಯ ಹಿಂದಿನ ರಾತ್ರಿ, 1986ರ ಜನವರಿ 27ರಂದು, ಹಿಮಗಟ್ಟುವ ಚಳಿಯಲ್ಲಿ ರಬ್ಬರು ಪೆಡಸಾಗುತ್ತದೆಂದು ಕಂಪನಿಯ ಇಂಜಿನಿಯರುಗಳು ದೂರವಾಣಿ ಸಭೆಯಲ್ಲಿ ವಾದಿಸಿ, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಹಾರಿಸಬಾರದೆಂದು ಹೇಳಿದರು. ಗಿರಾಕಿಯಾದ ನಾಸಾದ ಅಧಿಕಾರಿಗಳು ಅಸಮಾಧಾನ ತೋರಿದಾಗ ಕಂಪನಿಯ ವ್ಯವಸ್ಥಾಪಕರು ತಮ್ಮೊಳಗೇ ಚರ್ಚಿಸಲು ಬಿಡುವು ಕೇಳಿದರು. ಆ ಬಿಡುವಿನಲ್ಲಿ ಇಂಜಿನಿಯರುಗಳ ಮಾತನ್ನು ಬದಿಗಿಟ್ಟು ಒಪ್ಪಿಗೆ ಕೊಟ್ಟರು. ಮರುದಿನ ನೌಕೆ ಹಾರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಜನ ಸತ್ತರು. ಉಡಾವಣೆಯ ಅಂತಿಮ ನಿರ್ಧಾರ ಮಾಡಿದ ನಾಸಾದ ಹಿರಿಯರಿಗೆ ಹಿಂದಿನ ರಾತ್ರಿಯ ಆ ವಾದ ತಿಳಿದೇ ಇರಲಿಲ್ಲವೆಂದು ತನಿಖಾ ಆಯೋಗ ಕಂಡುಕೊಂಡಿತು. ಇಂಜಿನಿಯರುಗಳು ಬರೆದೂ ಇದ್ದರು, ಬಾಯಿಬಿಟ್ಟು ಹೇಳಿಯೂ ಇದ್ದರು. ಬಳೆಗಿಂತ ಮೊದಲು ಒಡೆದದ್ದು ಮೆಟ್ಟಿಲು.

ಈ ಮೆಟ್ಟಿಲನ್ನು ಕೆಲಸದ ಭಾಗವಾಗಿಯೇ ಕಟ್ಟಿಬಿಡಬಹುದೆಂದು ತೋರಿಸಿದ್ದು ಜಪಾನಿನ ಟೊಯೋಟಾ. ಅದರ ಹುಟ್ಟು ಮಗ್ಗದ ಮನೆಯಲ್ಲಿ: ಸಾಕಿಚಿ ಟೊಯೋಡಾ ರೂಪಿಸಿದ ಯಂತ್ರಮಗ್ಗದಲ್ಲಿ ಒಂದು ಎಳೆ ಕಡಿದರೂ ಮಗ್ಗ ತಾನಾಗಿಯೇ ನಿಲ್ಲುತ್ತಿತ್ತು, ತಪ್ಪು ಬಟ್ಟೆ ಗಜಗಟ್ಟಲೆ ನೇಯ್ಗೆಯಾಗುತ್ತಿರಲಿಲ್ಲ. ಕಾರಿನ ಕಾರ್ಖಾನೆಯಲ್ಲಿ ಆ ತತ್ತ್ವ ‘ಆಂದೊನ್’ ಆಯಿತು; ಜಪಾನಿನ ಹಳೆಯ ಕಾಗದದ ದೀಪಕ್ಕೆ ಇರುವ ಹೆಸರದು. ಜೋಡಣೆಯ ಸಾಲಿನಲ್ಲಿ ತಲೆಯ ಮೇಲೆ ಒಂದು ಹಗ್ಗ ಹಾದುಹೋಗಿರುತ್ತದೆ. ತಿರುಪು ಕೂರಲಿಲ್ಲವೆಂದು, ಭಾಗ ತಪ್ಪಾಗಿದೆಯೆಂದು ಕಂಡ ಯಾವ ಕೆಲಸಗಾರನೂ ಅದನ್ನು ಎಳೆಯಬಹುದು. ಎಳೆದೊಡನೆ ಆ ಜಾಗದ ದೀಪ ಉರಿದು ತಂಡದ ಮುಖಂಡ ಓಡಿಬರುತ್ತಾನೆ. ಗೊತ್ತಾದ ಗೆರೆ ಮುಟ್ಟುವುದರೊಳಗೆ ಸರಿಯಾಗದಿದ್ದರೆ ಸಾಲೇ ನಿಲ್ಲುತ್ತದೆ. ಹಗ್ಗವನ್ನು ಎಳೆದದ್ದಕ್ಕೆ ಬೈಗುಳವಿಲ್ಲವೆಂಬ ನಂಬಿಕೆ ಹಗ್ಗದಷ್ಟೇ ಅಗತ್ಯ. ಹಗ್ಗ ಕೊಂಡುಕೊಂಡು ನಂಬಿಕೆಯನ್ನು ಕೊಳ್ಳಲು ಮರೆತ ಕಾರ್ಖಾನೆಗಳಲ್ಲಿ ಅದು ಸುಮ್ಮನೆ ತೂಗಾಡುತ್ತಿರುತ್ತದೆ. ಬಿಡದಿಯಲ್ಲಿ 1999ರಿಂದ ಕಾರು ತಯಾರಿಸುತ್ತಿರುವುದೂ ಇದೇ ಸಂಸ್ಥೆಯ ಪಾಲುದಾರಿಕೆಯ ಕಂಪನಿ.

ಆದರೆ ಇದೇ ಟೊಯೋಟಾ 2009 ಮತ್ತು 2010ರಲ್ಲಿ, ವೇಗವರ್ಧಕದ ಪೆಡಲ್ ಸಿಕ್ಕಿಕೊಳ್ಳುತ್ತದೆ, ಕಾರು ತಾನಾಗಿಯೇ ವೇಗ ಪಡೆಯುತ್ತದೆ ಎಂಬ ದೂರುಗಳ ನಡುವೆ ಲಕ್ಷಾಂತರ ಕಾರುಗಳನ್ನು ವಾಪಸು ಕರೆಯಬೇಕಾಯಿತು. 2010ರ ಫೆಬ್ರುವರಿ 24ರಂದು ಕಂಪನಿಯ ಅಧ್ಯಕ್ಷ ಅಕಿಯೋ ಟೊಯೋಡಾ ಅಮೆರಿಕದ ಸಂಸತ್ ಸಮಿತಿಯ ಮುಂದೆ ಹಾಜರಾಗಿ, ಸಂಸ್ಥೆ ಬೆಳೆದ ವೇಗಕ್ಕೆ ತಕ್ಕಂತೆ ಅದರ ಜನರನ್ನು ಬೆಳೆಸಲಾಗಲಿಲ್ಲವೆಂದು ಒಪ್ಪಿ ಕ್ಷಮೆ ಕೋರಿದರು. ನಿರ್ಧಾರಗಳೆಲ್ಲ ಜಪಾನಿನಲ್ಲಿಯೇ ಆಗುತ್ತಿದ್ದುದು, ಹೊರಗಿನ ದೂರುಗಳನ್ನು ಟೀಕೆಯೆಂದು ಬಗೆದು ಅಡ್ಡಹಾಕುತ್ತಿದ್ದುದು ಕಾರಣಗಳಲ್ಲಿ ಸೇರಿವೆಯೆಂದು ಕಂಪನಿಯೇ ನೇಮಿಸಿದ ಸಲಹಾ ಸಮಿತಿ ಮರುವರ್ಷ ವರದಿ ಕೊಟ್ಟಿತು. ಜೋಡಣೆಯ ಸಾಲಿನಲ್ಲಿದ್ದ ಹಗ್ಗ ಸಾಗರದಾಚೆಯ ಗಿರಾಕಿಯ ಕೈಗೆ ಎಟುಕಿರಲಿಲ್ಲ. ದೋಷದ ವಿಷಯವಾಗಿ ಗ್ರಾಹಕರನ್ನು ತಪ್ಪುದಾರಿಗೆಳೆದುದಕ್ಕಾಗಿ ಅಮೆರಿಕದ ನ್ಯಾಯ ಇಲಾಖೆಯೊಡನೆ 2014ರ ಮಾರ್ಚಿನಲ್ಲಿ ಮಾಡಿಕೊಂಡ ಒಪ್ಪಂದದಂತೆ ಕಂಪನಿ ತೆತ್ತ ದಂಡ 120 ಕೋಟಿ ಡಾಲರ್.